ಬ್ಯಾಟರಿ ಡೌನ್, ಬಾನೆಟ್ ಲಾಕ್: ಹಾರೆ ಕೆಳಗಿಡಿ, ಮೊದಲು ರಿಮೋಟ್ ಬಿಚ್ಚಿ

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಹತ್ತಿರದ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಮಳೆ ಹಿಡಿದರೆ ಆ ರಸ್ತೆಯಲ್ಲಿ ಜೀಪು ಬಿಟ್ಟು ಬೇರೆ ಗಾಡಿ ಹತ್ತುವುದಿಲ್ಲ, ಹಾಗಾಗಿ ಕಾರು ಶೆಡ್ಡಿನಲ್ಲಿ ತಿಂಗಳಿಗೂ ಜಾಸ್ತಿ ನಿಂತಲ್ಲೇ ನಿಂತಿತ್ತು. ರಿಮೋಟ್ ಒತ್ತಿದರೆ ಕುಂಯ್ ಅನ್ನಲಿಲ್ಲ. ಚಿಕ್ಕಪ್ಪ ಬಾನೆಟ್ ಸಂದಿಗೆ ಕಣ್ಣಿಟ್ಟು ನೋಡಿದರು. ಆಮೇಲೆ ತೋಟದ ಹುಡುಗನಿಗೆ ಕೂಗಿದರು, "ಆ ಹಾರೆ ತಗೊಂಡ್ ಬಾರೋ."

"ಚಿಕ್ಕಪ್ಪ, ಒಂದ್ನಿಮಿಷ ತಡೀರಿ. ಬಾನೆಟ್ ತೆಗಿಯೋಕೆ ಕರೆಂಟ್ ಬೇಡ."

"ಬಾಗ್ಲೇ ತೆಗೀತಿಲ್ವಲ್ಲೋ. ಒಳಗ್ ಹೋಗ್ದೆ ಹೆಂಗ್ ಎಳೀತೀಯ ಅದನ್ನ?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ತೊಂದರೆ ಇರುವುದು ಬಾಗಿಲಲ್ಲಿ, ಬಾನೆಟ್‌ನಲ್ಲಲ್ಲ. ನಮ್ಮಲ್ಲಿ ಓಡುವ ಬಹುತೇಕ ಕಾರುಗಳ ಬಾನೆಟ್ ತೆರೆಯುವುದು ಬರೀ ಒಂದು ತಂತಿ. ಸೈಕಲ್ ಬ್ರೇಕಿಗೆ ಇರುತ್ತಲ್ಲ, ಅಂಥದ್ದೇ ಕೇಬಲ್. ಒಳಗಿನ ಲಿವರ್ ಎಳೆದರೆ ಆ ತಂತಿ ಮುಂದಿನ ಲಾಕ್‌ನ ಕೊಕ್ಕೆಯನ್ನು ಎಳೆದು ಬಿಡಿಸುತ್ತದೆ. ಬ್ಯಾಟರಿ ಇದ್ದರೂ ಅಷ್ಟೇ, ಸತ್ತರೂ ಅಷ್ಟೇ. ಆದರೆ ಬಾಗಿಲಿನ ಸೆಂಟ್ರಲ್ ಲಾಕ್‌ಗೆ ಮೋಟಾರ್ ಇದೆ, ಅದಕ್ಕೆ ಕರೆಂಟ್ ಬೇಕು. ಬ್ಯಾಟರಿ ಬಾನೆಟ್ ಒಳಗೆ, ಲಿವರ್ ಕಾರಿನ ಒಳಗೆ, ನಾವು ಹೊರಗೆ.

ಕೀ ಎಲ್ಲಿದೆ?

ಮೊದಲು ಸತ್ತಿರುವುದು ಯಾವ ಬ್ಯಾಟರಿ ಅಂತ ನೋಡಿಕೊಳ್ಳಿ. ರಿಮೋಟ್‌ನಲ್ಲೂ ನಾಣ್ಯದ ಥರದ ಒಂದು ಸೆಲ್ ಇರುತ್ತೆ, ಹೆಚ್ಚಾಗಿ 3 ವೋಲ್ಟ್‌ನದ್ದು. ಬಟನ್ ಒತ್ತಿದಾಗ ರಿಮೋಟ್ ಮೇಲಿನ ಪುಟ್ಟ ಲೈಟ್ ಹತ್ತಿದರೆ ಸೆಲ್ ಚೆನ್ನಾಗಿದೆ, ತಕರಾರು ಕಾರಿನದ್ದೇ ಇರಬೇಕು. ಎರಡರಲ್ಲಿ ಯಾವುದೇ ಆಗಿರಲಿ, ಒಳಗೆ ಹೋಗುವ ದಾರಿ ಒಂದೇ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ರಿಮೋಟ್ ಒಳಗೆ ಒಂದು ನಿಜವಾದ ಕೀ ಅಡಗಿರುತ್ತೆ. ರಿಮೋಟ್‌ನ ಪಕ್ಕದಲ್ಲೋ ಹಿಂದೆಯೋ ಚಿಕ್ಕದೊಂದು ಗುಂಡಿ ಇರುತ್ತದೆ. ಅದನ್ನು ಉಗುರಿನಿಂದ ಸರಿಸಿ ಎಳೆದರೆ ಹಲ್ಲಿರುವ ಕೀ ಹೊರಗೆ ಬರುತ್ತೆ. ಐದು ವರ್ಷದಿಂದ ಅದೇ ರಿಮೋಟ್ ಜೇಬಲ್ಲಿಟ್ಟುಕೊಂಡು ಓಡಾಡಿದ ಚಿಕ್ಕಪ್ಪ ನಾನು ಕೀ ಎಳೆದದ್ದು ನೋಡಿ "ಇದ್ರೊಳಗೆ ಇದಿತ್ತಾ!" ಅಂದರು. ಅವರೊಬ್ಬರೇ ಅಲ್ಲ, ಹೊಸ ಕಾರು ಇರುವ ನಾಲ್ಕು ಜನರನ್ನು ಕೇಳಿ ನೋಡಿ, ಇಬ್ಬರಿಗಾದರೂ ಗೊತ್ತಿರುವುದಿಲ್ಲ.

ಇನ್ನು ಕೀ ಹಾಕುವ ತೂತು. ಡ್ರೈವರ್ ಬಾಗಿಲಿನ ಹಿಡಿಯ ಪಕ್ಕ ನೋಡಿ. ಕಾಣದಿದ್ದರೆ ಹಿಡಿಯ ತುದಿಯಲ್ಲಿ ಅದೇ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಇರಬಹುದು. ಅದರ ಕೆಳಗಿನ ಸಣ್ಣ ಸೀಳಿಗೆ ಕೀ ತುದಿ ಸಿಕ್ಕಿಸಿ ಮೆಲ್ಲಗೆ ಎತ್ತಿದರೆ ಮುಚ್ಚಳ ಬಿಡುತ್ತೆ. ಕೆಲವು ಕಾರುಗಳಲ್ಲಿ ಹಿಡಿಯನ್ನು ಪೂರ್ತಿ ಎಳೆದು ಹಿಡಿದುಕೊಂಡರೆ ಮಾತ್ರ ಆ ಸೀಳು ಕೈಗೆ ಸಿಗೋದು. ವರ್ಷಗಟ್ಟಲೆ ಕೀ ಕಾಣದ ಲಾಕ್ ನಮ್ಮ ಮಳೆಗೆ ಬಿಗಿದುಕೊಂಡಿರುತ್ತದೆ, ಜೋರು ಮಾಡಿದರೆ ಕೀ ಮುರಿದು ಅರ್ಧ ಒಳಗೇ ಉಳಿಯುತ್ತೆ. ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಸ್ವಲ್ಪ ಹೊಡೆದು ಎರಡು ನಿಮಿಷ ಬಿಟ್ಟು, ಕೀಯನ್ನು ಆ ಕಡೆ ಈ ಕಡೆ ಹಗುರವಾಗಿ ಅಲ್ಲಾಡಿಸಿ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಆವತ್ತಿಗೆ ತಿರುಗುತ್ತೆ, ಆಮೇಲೆ ಧೂಳು ಹಿಡಿದು ಇನ್ನೂ ಕೆಡುತ್ತೆ. ಕೀಯಿಂದ ಡ್ರೈವರ್ ಬಾಗಿಲು ಮಾತ್ರ ತೆರೆಯುತ್ತದೆ. ನಮಗೆ ಬೇಕಿರೋದೂ ಅಷ್ಟೇ.

ಲಿವರ್ ಎಳೆದರೂ ಏಳದಿದ್ದರೆ

ಬಾನೆಟ್ ಲಿವರ್ ಹೆಚ್ಚಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ, ಡ್ರೈವರ್‌ನ ಬಲ ಮೊಣಕಾಲಿನ ಹತ್ತಿರ ಇರುತ್ತೆ. ಕೆಲವು ಯುರೋಪ್ ಕಂಪನಿಗಳ ಕಾರಿನಲ್ಲಿ ಎಡಗಡೆ ಸೀಟಿನವರ ಕಾಲ ಬಳಿ. ಸೀಟ್ ಪಕ್ಕ ನೆಲದಲ್ಲಿರುವುದು ಪೆಟ್ರೋಲ್ ಮುಚ್ಚಳದ್ದು, ಅದನ್ನು ಎಳೆದು ಎಳೆದು ಸುಸ್ತಾಗಬೇಡಿ. ಸರಿಯಾದ ಲಿವರ್ ಎಳೆದಾಗ ಮುಂದೆ ಟಕ್ ಅಂತ ಸದ್ದು ಬಂದು ಬಾನೆಟ್ ಒಂದು ಬೆರಳು ಏಳುತ್ತದೆ. ಆ ಸಂದಿಗೆ ಬೆರಳು ಹಾಕಿ ಒಳಗಿನ ಎರಡನೇ ಕೊಕ್ಕೆಯನ್ನು ಪಕ್ಕಕ್ಕೆ ಸರಿಸಬೇಕು, ಕೆಲವದರಲ್ಲಿ ಮೇಲಕ್ಕೆ ಎತ್ತಬೇಕು.

ಚಿಕ್ಕಪ್ಪನ ಕಾರಿನಲ್ಲಿ ಟಕ್ ಅನ್ನಲಿಲ್ಲ. ಮಲೆನಾಡಿನಲ್ಲಿ ಇದೇ ನಿಜವಾದ ಕಾಟ. ಲಾಕ್ ಇರುವುದು ಕಾರಿನ ಮೂತಿಯಲ್ಲಿ, ಗ್ರಿಲ್ ಹಿಂದೆ. ಮಳೆನೀರು, ಕೆಸರು, ತುಂತುರು ಎಲ್ಲ ಮೊದಲು ಅದಕ್ಕೇ ಬಡಿಯೋದು, ಗ್ರೀಸ್ ತೊಳೆದುಹೋಗಿ ಕೊಕ್ಕೆಗೆ ತುಕ್ಕು ಹಿಡಿಯುತ್ತೆ. ಲಿವರ್ ಎಳೆದಾಗ ತಂತಿ ಎಳೆಯುತ್ತಿರುತ್ತೆ, ಕೊಕ್ಕೆ ಕದಲುವುದಿಲ್ಲ.

ಇದಕ್ಕೆ ಇಬ್ಬರು ಬೇಕು. ಒಬ್ಬರು ಲಿವರ್ ಎಳೆದು ಬಿಡದೆ ಹಿಡಿದುಕೊಳ್ಳಲಿ. ಇನ್ನೊಬ್ಬರು ಬಾನೆಟ್‌ನ ಮುಂದಿನ ಅಂಚಿನ ಮಧ್ಯದಲ್ಲಿ, ಸರಿಯಾಗಿ ಲಾಕ್‌ನ ಮೇಲೆ, ಎರಡೂ ಅಂಗೈ ಊರಿ ಕೆಳಕ್ಕೆ ಒತ್ತಿ ತಟ್ಟನೆ ಬಿಡಲಿ. ಮುಚ್ಚಿದ ಬಾನೆಟನ್ನು ಕೆಳಗಿನ ರಬ್ಬರ್‌ಗಳು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ, ಆ ಭಾರವೆಲ್ಲ ಕೊಕ್ಕೆಯ ಮೇಲೆ. ಒತ್ತಿದಾಗ ಭಾರ ಇಳಿದು ಕೊಕ್ಕೆಗೆ ತಿರುಗಲು ಜಾಗ ಸಿಗುತ್ತೆ. ಐದಾರು ಸಲ ಮಾಡಿ. ಗುದ್ದಬೇಡಿ, ಈಗಿನ ಕಾರಿನ ತಗಡು ತಗ್ಗು ಬೀಳುತ್ತೆ. ನಮಗೆ ನಾಲ್ಕನೇ ಸಲಕ್ಕೆ ಟಕ್ ಅಂತು. ಅಷ್ಟರಲ್ಲಿ ಹಾರೆ ಹಿಡಿದು ಬಂದ ಹುಡುಗ ಬಾಗಿಲಲ್ಲೇ ನಿಂತಿದ್ದ.

ಲಿವರ್ ಸಡಿಲವಾಗಿ ಕೈಗೆ ಬಂದರೆ ಕಥೆ ಬೇರೆ, ಕೇಬಲ್ ಕಳಚಿದೆ ಅಥವಾ ತುಂಡಾಗಿದೆ. ಲಿವರ್ ಹಿಂದೆ ಟಾರ್ಚ್ ಬಿಟ್ಟು ನೋಡಿ. ತಂತಿಯ ತುದಿ ಕಂಡರೆ, ಮೇಲಿನ ಕಪ್ಪು ಕೊಳವೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಒಳಗಿನ ತಂತಿಯನ್ನು ಪ್ಲೇಯರ್‌ನಿಂದ ನೇರವಾಗಿ ಎಳೆಯಿರಿ. ಅದೂ ಆಗದಿದ್ದರೆ ಗ್ರಿಲ್ ಕಡೆಯಿಂದಲೋ ಕೆಳಗಿನಿಂದಲೋ ಉದ್ದ ಸ್ಕ್ರೂಡ್ರೈವರ್ ಹಾಕಿ ಕೊಕ್ಕೆ ಸರಿಸಬೇಕು. ಅದು ಮೆಕ್ಯಾನಿಕ್ ಕೆಲಸ. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಗ್ಗುವ ಧೈರ್ಯ ಯಾರೂ ಮಾಡಬೇಡಿ.

ಕರೆಂಟಿಲ್ಲದೆ ತೆರೆಯದ ಬಾನೆಟ್‌ಗಳೂ ಇವೆ

ಮುಳ್ಳಯ್ಯನಗಿರಿಗೆ ವೀಕೆಂಡ್‌ನಲ್ಲಿ ಬರುವ ಗಾಡಿಗಳಲ್ಲಿ ಇಂಥದ್ದೂ ಒಂದೊಂದು ಇರಬಹುದು. ಪೋರ್ಷೆಯ ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಎಂಜಿನ್ ಮುಂದೆ ಇಲ್ಲ, ಬ್ಯಾಟರಿ ಮಾತ್ರ ಮುಂದೆ, ಬಾನೆಟ್ ಲಾಕ್ ಕರೆಂಟಿನದ್ದು. ಅವುಗಳ ಫ್ಯೂಸ್ ಬಾಕ್ಸ್‌ನಲ್ಲಿ ಹೊರಗೆ ಎಳೆಯುವಂಥ ಒಂದು ಪಾಸಿಟಿವ್ ಮೊಳೆ ಇರುತ್ತದೆ. ಅದಕ್ಕೆ ಬೇರೆ 12 ವೋಲ್ಟ್ ಬ್ಯಾಟರಿಯ ಕೆಂಪು, ಬಾಗಿಲು ಸಿಕ್ಕಿಕೊಳ್ಳುವ ಲೋಹದ ಕೊಂಡಿಗೆ ಕಪ್ಪು ಹಾಕಿ, ಆಮೇಲೆ ರಿಮೋಟ್ ಒತ್ತಿದರೆ ಬಾನೆಟ್ ಬಿಡುತ್ತೆ. ಅಲಾರಂ ಕಿರುಚಿದರೆ ಗಾಬರಿ ಬೇಡ. ಟೆಸ್ಲಾ ಮಾಡೆಲ್ ವೈ ಕಾರಿನಲ್ಲಿ ಮುಂದಿನ ಬಂಪರ್‌ನ ದುಂಡು ಮುಚ್ಚಳದ ಹಿಂದೆ, ಎಳೆಯುವ ಹಗ್ಗ ಕಟ್ಟುವ ಜಾಗದಲ್ಲಿ, ಕೆಂಪು ಕಪ್ಪು ಎರಡು ವೈರ್ ಇರುತ್ತವೆ. ಹೊರಗಿನಿಂದ 12 ವೋಲ್ಟ್ ಕೊಟ್ಟರೆ ಬಾನೆಟ್ ತೆರೆಯುತ್ತೆ. ಈ ಎರಡೂ ದಾರಿ ಬಾನೆಟ್ ತೆರೆಯುವುದಕ್ಕೆ ಮಾತ್ರ, ಕಾರು ಚಾರ್ಜ್ ಮಾಡುವುದಕ್ಕಲ್ಲ.

ಕೆಲವು ದೊಡ್ಡ ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿರುತ್ತೆ, ಡಿಕ್ಕಿಯೋ ಕರೆಂಟ್ ಇಲ್ಲದೆ ತೆರೆಯಲ್ಲ. ಬಾನೆಟ್ ಒಳಗೆ ಪ್ಲಸ್ ಗುರುತಿನ ಮುಚ್ಚಳ ಹುಡುಕಿ. ಜಂಪ್ ಮಾಡುವ, ಅಂದರೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡುವ ಜಾಗ ಅಲ್ಲೇ ಕೊಟ್ಟಿರುತ್ತಾರೆ.

ತೆರೆದ ಮೇಲೆ

ಜಂಪರ್ ಕೇಬಲ್ ಹಾಕುವ ಕ್ರಮ ಗೊತ್ತಿರಲಿ. ಕೆಂಪಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯದು ಸತ್ತ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಅಲ್ಲಿ ಕಿಡಿ ಹಾರುತ್ತೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತೆ, ಅದಕ್ಕೇ ದೂರ. ತೆಗೆಯುವಾಗ ಇದರ ಉಲ್ಟಾ. ಚಾರ್ಮಾಡಿ ಘಾಟಿಯಲ್ಲೋ ಶಿರಾಡಿಯಲ್ಲೋ ಲಾರಿಯವರು ಒಳ್ಳೆ ಮನಸ್ಸಿನಿಂದ "ನಮ್ ಬ್ಯಾಟ್ರಿಯಿಂದ ಹಾಕಣ ಬನ್ನಿ ಸಾರ್" ಅನ್ನುತ್ತಾರೆ. ಕೈ ಮುಗಿದು ಬೇಡ ಅನ್ನಿ. ದೊಡ್ಡ ಲಾರಿಗಳದ್ದು 24 ವೋಲ್ಟ್, ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ಇನ್ನೊಂದು ಕಾರೋ ಜೀಪೋ ಆದರೆ ಸರಿ.

ಇಷ್ಟಕ್ಕೂ ಬ್ಯಾಟರಿ ಸತ್ತದ್ದು ಯಾಕೆ? ನಿಂತ ಕಾರೂ ಅಲಾರಂ, ರಿಮೋಟ್‌ಗೆ ಕಾಯುವ ಸರ್ಕ್ಯೂಟ್ ಅಂತ ಕರೆಂಟ್ ಕುಡಿಯುತ್ತಲೇ ಇರುತ್ತೆ. 50 ಮಿಲಿ ಆಂಪಿಯರ್ ಅಂದುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಇದಕ್ಕೆ ತಿಂಗಳೊಳಗೆ ಬರಿದು. ಸೆಲ್ಫ್ ಹೊಡೆಯದ ಮಟ್ಟಕ್ಕೆ ಇನ್ನೂ ಬೇಗ ಬರುತ್ತೆ.

ಬಾನೆಟ್ ಎತ್ತಿದಾಗ ಬ್ಯಾಟರಿ ಮೇಲೆ ಒಣಗಿದ ಎಲೆ, ಬಾನೆಟ್ ಒಳಗಿನ ಬಟ್ಟೆಯ ಚೂರು ಸೇರಿಸಿ ಇಲಿ ಗೂಡು ಕಟ್ಟಿತ್ತು. ವೈರ್ ಕಡಿದಿದೆಯಾ ಅಂತ ನೋಡಿಕೊಂಡೇ ಜೀಪಿನಿಂದ ಜಂಪ್ ಮಾಡಿದೆವು. ಸ್ಟಾರ್ಟ್ ಆದ ಮೇಲೆ ಶೆಡ್ಡಿನಲ್ಲೇ ಐದು ನಿಮಿಷ ಓಡಿಸಿ ಆಫ್ ಮಾಡಲಿಲ್ಲ. ಮಳೆ ಸ್ವಲ್ಪ ಹೊಳವಾಗಿತ್ತು, ಜೀಪು ಹಿಂದೆ ಇಟ್ಟುಕೊಂಡು ಹೇಗೋ ಟಾರ್ ರಸ್ತೆಗೆ ಹತ್ತಿಸಿ ಚಿಕ್ಕಮಗಳೂರಿನವರೆಗೆ ಹೋಗಿ ಬಂದೆವು.

ಈ ಸಲ ಮೇ ಕೊನೆಗೇ ಚಿಕ್ಕಪ್ಪ ಲಾಕ್‌ಗೆ ಗ್ರೀಸ್ ಹಚ್ಚಿಸಿ, ಹತ್ತರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿಟ್ಟಿದ್ದಾರೆ. ಹಾಗೆ ಬಿಚ್ಚಿದರೆ ಬಾಗಿಲಿಗೆ ಕೀಯಿಂದಲೇ ಬೀಗ ಹಾಕಬೇಕು, ರಿಮೋಟ್ ನಡೆಯಲ್ಲ. ಆ ಪುಟ್ಟ ಕೀ ಈಗ ರಿಮೋಟ್ ಒಳಗಿಲ್ಲ. ಜೀಪಿನ ಕೀ ಗೊಂಚಲಲ್ಲಿ, ಅವರ ಸೊಂಟದಲ್ಲಿದೆ.