65 ಪಾಲು ಸಾಂಜೊವೇಸೆ

ವಿಜಯಪುರದ ನಮ್ಮ ದ್ರಾಕ್ಷಿ ಪಡದಲ್ಲಿ ಬೆಳೆಯುವುದು ಒಣದ್ರಾಕ್ಷಿಗೆ ಹೋಗುವ ಥಾಮ್ಸನ್ ಸೀಡ್‌ಲೆಸ್. ಹಾಗಾಗಿ ಇಟಲಿಯ ಟಸ್ಕನಿಯಲ್ಲಿ, ಕಿಯಾಂತಿ ಗುಡ್ಡಗಳ ಸಣ್ಣ ವೈನರಿಯೊಂದಕ್ಕೆ ಕೆಲಸಕ್ಕೆ ಸೇರಿದಾಗ ನಾನು ಮೊದಲು ಕಲಿತದ್ದು ಬೀಜ ಅಗಿಯುವುದನ್ನು. ಹಸಿರು ಬೀಜ ನಾಲಿಗೆಯನ್ನು ಒಗರಿನಿಂದ ಹಿಡಿದುಬಿಡುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಹುರಿಗಡಲೆಯಂತೆ ಹಲ್ಲಿಗೆ ಪುಡಿಯಾದರೆ ಕೊಯ್ಲು ಹತ್ತಿರವಾಯಿತೆಂದು ತಿಳಿಯಬೇಕು.

ಆ ವರ್ಷ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ಬೇಗ ಮಾಗುವ ಮೆರ್ಲೊ ತಳಿ ಅಷ್ಟರಲ್ಲಿ ತೊಟ್ಟಿ ಸೇರಿತ್ತು. ಅಲ್ಲಿನ ಸ್ವಂತ ತಳಿಯಾದ ಸಾಂಜೊವೇಸೆ ತಡವಾಗಿ ಮಾಗುವುದು; ಅದು ಬಳ್ಳಿಯಲ್ಲೇ ನೀರು ಕುಡಿದು ಉಬ್ಬಿತು. ವೈನ್ ಆದ ಮೇಲೆ ಹುಳಿ ಚೆನ್ನಾಗಿತ್ತು, ಚೆರಿಯ ಪರಿಮಳವೂ ಇತ್ತು. ಆದರೆ ಬಾಯಿ ತುಂಬುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಮಿಶ್ರಣಕ್ಕೆ ಕುಳಿತೆ. 100 ಮಿಲಿಲೀಟರಿನ ಅಳತೆ ಸಿಲಿಂಡರಿನಲ್ಲಿ ಸಾಂಜೊವೇಸೆಗೆ ಮೆರ್ಲೊ ಸೇರಿಸುತ್ತಾ 90:10, 80:20, 65:35, 50:50 ಎಂದು ನಾಲ್ಕು ಲೋಟ ಮಾಡಿದೆ. ಅಳತೆಯನ್ನು ಲೋಟದ ತಳಕ್ಕೆ ಅಂಟಿಸಿ, ಯಾವುದು ಯಾವುದೆಂದು ನನಗೇ ತಿಳಿಯದಂತೆ ಜಾಗ ಬದಲಿಸಿದೆ. 80:20ರಲ್ಲಿ ಟೊಳ್ಳು ಇನ್ನೂ ಉಳಿದಿತ್ತು. 50:50 ಮೆತ್ತಗೆ, ದುಂಡಗೆ ಇತ್ತು, ಆದರೆ ಅದು ಯಾವ ದೇಶದ ವೈನ್ ಬೇಕಾದರೂ ಆಗಬಹುದಿತ್ತು. 65:35ರಲ್ಲಿ ಸಾಂಜೊವೇಸೆಯ ಹುಳಿ ಮೊದಲು ಬಂದು, ಮೆರ್ಲೊ ಹಿಂದಿನಿಂದ ತುಂಬಿಕೊಟ್ಟಿತು. ಬೆರೆಸಿದ ದಿನದ ರುಚಿಯನ್ನು ನಾನು ನಂಬುವುದಿಲ್ಲ. ಶೀಶೆಗಳಿಗೆ ಬಿರಡೆ ಹಾಕಿಟ್ಟು ಎರಡು ವಾರದ ನಂತರ ಮತ್ತೆ ನೋಡಿದೆ. ಆಗಲೂ ಅದೇ ಗೆದ್ದಿತು.

ತೊಡಕು ಹೆಸರಿನದು. ಈ ಗುಡ್ಡಗಳ ಹೆಸರಾಂತ ಕೆಂಪು ವೈನಾದ ಕಿಯಾಂತಿ ಕ್ಲಾಸಿಕೊ ಎನ್ನಲು ಕನಿಷ್ಠ ಶೇ 80 ಸಾಂಜೊವೇಸೆ ಇರಲೇಬೇಕು. ಹಿಂದೆ ನಿಯಮ ಇನ್ನೂ ವಿಚಿತ್ರವಾಗಿತ್ತು. 1967ರ ಕಟ್ಟಳೆಯ ಪ್ರಕಾರ ಕಿಯಾಂತಿಯ ಕೆಂಪು ವೈನಿಗೆ ಬಿಳಿ ದ್ರಾಕ್ಷಿ ಬೆರೆಸುವುದು ಕಡ್ಡಾಯ. ಅದನ್ನು ಒಪ್ಪದ, ವೈನ್ ತಯಾರಿಸುವ ಆಂತಿನೋರಿ ಮನೆತನದ ತಿಗ್ನಾನೆಲ್ಲೊ ಎಂಬ ವೈನ್, 1971ರ ಫಸಲಿನಿಂದ ಕಿಯಾಂತಿ ಎಂಬ ಹೆಸರನ್ನೇ ಬಿಟ್ಟು, ಎಲ್ಲಕ್ಕಿಂತ ಕೆಳಗಿನ ‘ಟೇಬಲ್ ವೈನ್’ ದರ್ಜೆಯಲ್ಲಿ ಮಾರಾಟವಾಯಿತು. ಒಳ್ಳೆಯ ವೈನ್‌ಗಳು ಹೀಗೆ ಕೆಳದರ್ಜೆಯಲ್ಲಿ ಕೂರುವುದನ್ನು ಕಂಡು 1992ರ ಕಾನೂನು ಐಜಿಟಿ, ಅಂದರೆ ಪ್ರದೇಶದ ಹೆಸರು ಹೊತ್ತ ವೈನ್ ಎಂಬ ಹೊಸ ದರ್ಜೆ ತಂದಿತು. ತೊಸ್ಕಾನಾ (ಟಸ್ಕನಿಯ ಇಟಾಲಿಯನ್ ಹೆಸರು) ಐಜಿಟಿಯಲ್ಲಿ ಇಡೀ ಪ್ರಾಂತ್ಯದ ದ್ರಾಕ್ಷಿ ಬಳಸಬಹುದು. ಸಾಂಜೊವೇಸೆ, ಕನಾಯೊಲೊ ಜೊತೆಗೆ ಕ್ಯಾಬರ್ನೆ, ಮೆರ್ಲೊ, ಸಿರಾಗಳಿಗೂ ಜಾಗವಿದೆ. ಒಂದೇ ತಳಿಯ ಹೆಸರು ಹಾಕುವುದಾದರೆ ಮಾತ್ರ ಅದು ಶೇ 85 ಇರಬೇಕು. ಇದನ್ನು ಕಡಿಮೆ ದರ್ಜೆ ಎಂದು ಭಾವಿಸುವವರೊಂದಿಗೆ ನಾನು ಇಂದಿಗೂ ವಾದಿಸುತ್ತೇನೆ. ಮಳೆ ಹೊಡೆದ ವರ್ಷದಲ್ಲಿ ರೈತನ ಕೈಹಿಡಿಯುವ ನಿಯಮ ಇದು.

ವೈನರಿಯ ಒಡತಿಗೆ ಕಿಯಾಂತಿ ಎಂಬ ಹೆಸರು ಬಿಡಲು ಮನಸ್ಸಿರಲಿಲ್ಲ; ಬೆಲೆಯ ಚಿಂತೆಯೂ ಸಹಜ. ನಾನು ವಾದ ಮಾಡದೆ 80 ಮತ್ತು 65ರ ಲೋಟಗಳನ್ನು ಮುಂದಿಟ್ಟೆ. ಅವರು ಎರಡನ್ನೂ ಕುಡಿದು, ಎರಡನೆಯದನ್ನು ಮತ್ತೊಮ್ಮೆ ತುಂಬಿಸಲು ಹೇಳಿದರು. ಲೇಬಲ್ ಮೇಲೆ ತೊಸ್ಕಾನಾ ಎಂದು ಅಚ್ಚಾಯಿತು. ಕೆಳಗೆ ಎರಡೂ ತಳಿಗಳ ಹೆಸರು, ಹೆಚ್ಚಿನ ಪಾಲಿನದು ಮೊದಲು ಎಂಬ ನಿಯಮದಂತೆ: ಸಾಂಜೊವೇಸೆ, ಮೆರ್ಲೊ.