ಜಂಪ್ ಕೇಬಲ್ ಹಿಡಿದು ಗೇರ್‌ಬಾಕ್ಸಿನ ರೋಗ ಹುಡುಕಿದ್ದು

ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಜರ್ಕ್. ಬೆಳಿಗ್ಗೆ ಇರುವುದಿಲ್ಲ, ಮಧ್ಯಾಹ್ನ ಏಸಿ ಹಾಕಿಕೊಂಡು ಕುಡತಿನಿ ದಾಟುವಷ್ಟರಲ್ಲಿ ಶುರು. ಬಳ್ಳಾರಿಯ ಜೀನ್ಸ್ ವ್ಯಾಪಾರಿಯೊಬ್ಬರ ಆರು ಗೇರಿನ ಆಟೋಮ್ಯಾಟಿಕ್ ಕಾರು ಅದು. ಸಂಡೂರಿನ ಅದಿರು ಲಾರಿಗಳ ಹಿಂದೆ ಓಡಿ ಓಡಿ ತಳವೆಲ್ಲ ಕೆಂಪಾಗಿತ್ತು. ಬೇರೊಂದು ಕಡೆ ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ಎರಡು ಲಕ್ಷದ ಹತ್ತಿರ ಹೇಳಿದ್ದರಂತೆ.

ನಾನೂ ಮೊದಲು ದಡ್ಡತನವನ್ನೇ ಮಾಡಿದೆ. ಆಯಿಲ್ ಬದಲಿಸಿದೆ. ಇದರಲ್ಲಿ ಲೆವೆಲ್ ನೋಡುವುದು ಆಯಿಲ್ ಹೆಚ್ಚು ಬಿಸಿಯಾಗುವ ಮೊದಲು, ಇಂಜಿನ್ ಓಡುವಾಗ ಬೋಲ್ಟ್ ಬಿಚ್ಚಿ; ಹೆಚ್ಚಾದದ್ದು ತಾನೇ ಹರಿದುಹೋಗುತ್ತದೆ. ನಾನು ನೋಡಿದ್ದು ಮೇ ತಿಂಗಳ ಮಧ್ಯಾಹ್ನ. ನಮ್ಮ ಶೆಡ್ಡಿನಲ್ಲಿ ಆಗ ನಿಂತ ಗಾಡಿಯ ಆಯಿಲ್ಲೇ ನಲವತ್ತು ಡಿಗ್ರಿ ಮುಟ್ಟಿರುತ್ತದೆ. ಇಂಜಿನ್ ಶುರು ಮಾಡಿ ಬೋಲ್ಟ್ ಬಿಚ್ಚುವಷ್ಟರಲ್ಲಿ ಅರವತ್ತು ದಾಟಿತ್ತು. ಇರಬೇಕಾದ ಆಯಿಲ್ಲೂ ಉಬ್ಬಿ ಹೊರಗೆ ಹರಿಯಿತು. ಜರ್ಕ್ ಹೋಗುವುದಿರಲಿ, ಜೊತೆಗೆ ಗೇರ್ ಹಿಡಿಯದೆ ಜಾರುವ ಸ್ಲಿಪ್ಪೂ ಬಂತು. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ಮತ್ತೆ ಮಾಡಿದೆ. ಎರಡು ಸಲ ಸೇರಿ ಆರೇಳು ಲೀಟರ್, ಆರು ಸಾವಿರದ ಮೇಲೆ ಖರ್ಚು. ಸ್ಲಿಪ್ ಹೋಯಿತು, ಜರ್ಕ್ ಉಳಿಯಿತು. ಮೌಂಟ್ ನೋಡಿದೆ, ಥ್ರಾಟಲ್ ತೊಳೆದೆ. ಕೊನೆಗೆ ಬೆಂಗಳೂರಿನಿಂದ ಸೊಲೆನಾಯ್ಡ್ ಸೆಟ್ (ಆಯಿಲ್ ಒತ್ತಡವನ್ನು ಕರೆಂಟಿನಿಂದ ಹಿಡಿತದಲ್ಲಿಡುವ ವಾಲ್ವುಗಳು) ತರಿಸಿ ಹಾಕಿದೆ: ಹದಿನೆಂಟು ಸಾವಿರ, ನನ್ನ ಕೈಯಿಂದ. ಅದೇ ಜರ್ಕ್.

ಸ್ಕ್ಯಾನರಿನಲ್ಲಿ ದೋಷದ ಒಂದು ಕೋಡೂ ಇರಲಿಲ್ಲ. ಆದರೆ ಲೈವ್ ಡೇಟಾದಲ್ಲಿ ಲೈನ್ ಪ್ರೆಷರ್ (ಗೇರ್‌ಬಾಕ್ಸಿನ ಮುಖ್ಯ ಆಯಿಲ್ ಒತ್ತಡ) ಸೊಲೆನಾಯ್ಡಿಗೆ ಕಂಪ್ಯೂಟರ್ ಕೇಳಿದ ಕರೆಂಟಿಗೂ ಸಿಕ್ಕಿದ ಕರೆಂಟಿಗೂ ಬಿಸಿಯಲ್ಲಿ ಅಂತರ ಬೀಳುತ್ತಿತ್ತು. ಈ ಗೇರ್‌ಬಾಕ್ಸಿನಲ್ಲಿ ಕರೆಂಟ್ ಇಳಿದರೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ಕ್ಲಚ್ ಮೆಲ್ಲಗೆ ಹಿಡಿಯುವುದಿಲ್ಲ, ಕಚ್ಚುತ್ತದೆ.

ಏಸಿ, ಹೆಡ್‌ಲೈಟ್, ಫ್ಯಾನ್ ಎಲ್ಲವನ್ನೂ ಹಾಕಿ, ವೋಲ್ಟ್ ಮೀಟರಿನ ಒಂದು ತುದಿಯನ್ನು ಗೇರ್‌ಬಾಕ್ಸಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟೆ. ತಣ್ಣಗಿದ್ದಾಗ 0.1 ವೋಲ್ಟ್, ಬಿಸಿಯಾದ ಮೇಲೆ 0.6, 0.7. ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಅರ್ತ್ ದಾರಿಯಲ್ಲಿ ಎಲ್ಲೋ ತಡೆ. ಜಂಪ್ ಕೇಬಲಿನ ಒಂದು ಎಳೆಯನ್ನು ಅವೆರಡಕ್ಕೂ ಕಚ್ಚಿಸಿ, ಫ್ಯಾನಿಗೆ ಸಿಗದಂತೆ ಬಿಗಿಯಾಗಿ ಕಟ್ಟಿದೆ. ಕೌಲ್ ಬಜಾರಿನ ಹಿರಿಯ ಮೇಸ್ತ್ರಿಯೊಬ್ಬರು ನೋಡಿ, "ಏನಪ್ಪಾ, ಗೇರ್‌ಬಾಕ್ಸಿಗೆ ಸಲೈನ್ ಹಚ್ಚಿದ್ದೀಯಾ?" ಎಂದು ನಕ್ಕರು. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತೋರಣಗಲ್ಲಿನವರೆಗೆ ಹೋಗಿ ಬಂದೆ. ಬೆಣ್ಣೆಯ ಹಾಗೆ ಗೇರ್ ಬಿತ್ತು. ದಾರಿಯಲ್ಲಿ ನಿಲ್ಲಿಸಿ ಕೇಬಲ್ ಕಿತ್ತೆ. ನಾಲ್ಕು ಕಿಲೋಮೀಟರಿನೊಳಗೆ ಒದೆತ ವಾಪಸ್. ಮೇಸ್ತ್ರಿ ಆಮೇಲೆ ಮಾತಾಡಲಿಲ್ಲ.

ಆ ದಾರಿಯ ಅರ್ತ್ ಪಟ್ಟಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಲಗ್ಗಿನ (ಪಟ್ಟಿಯ ತುದಿಯ ಲೋಹದ ಕಿವಿ) ಒಳಗೆ ಮಾತ್ರ ಕೆಂಧೂಳು ನೀರು ಕುಡಿದು ಕೂತು, ತಾಮ್ರ ಹಸಿರು ಪುಡಿಯಾಗಿತ್ತು. ಹೊಸ ಪಟ್ಟಿ ಹಾಕಿದೆ. ವೈರಿಗೂ ಲಗ್ಗಿಗೂ ಸೇರಿ ನಾನೂರರ ಆಸುಪಾಸು. ಧೂಳು ಮತ್ತೆ ಸೇರದಂತೆ ಮೇಲೆ ಏನು ಬಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಅಡಾಪ್ಟೇಶನ್ (ಗೇರ್ ಹಾಕುವ ಬಗ್ಗೆ ಕಂಪ್ಯೂಟರ್ ಕಲಿತಿಟ್ಟ ಲೆಕ್ಕ) ಅಳಿಸಿ ಮತ್ತೆ ಕಲಿಸಿದೆ. ಈಗ ಮೀಟರ್ 0.05 ದಾಟುವುದಿಲ್ಲ.

ಹುರುಪಿನಲ್ಲಿ ನನ್ನ ಹಳೆಯ ಕಾರಿಗೂ ಎರಡನೇ ಅರ್ತ್ ಹಾಕಿ ನೋಡಿದೆ. ಸ್ಟಾರ್ಟರ್ ಸ್ವಲ್ಪ ಚುರುಕಾಯಿತು. ಮೈಲೇಜ್ ಕೂದಲೆಳೆಯಷ್ಟೂ ಏರಲಿಲ್ಲ. ಏರುತ್ತದೆ ಎಂದು ಕಿಟ್ ಮಾರುವವರನ್ನು ನಂಬಬೇಡಿ.

ವ್ಯಾಪಾರಿ ಐದು ಸಾವಿರ ಕೊಟ್ಟು, ಮೇಲೊಂದು ಜೀನ್ಸ್ ಪ್ಯಾಂಟ್ ಕೊಟ್ಟರು. ಅದು ಸೊಂಟಕ್ಕೆ ಬಿಗಿ. ಹಳೆಯ ಸೊಲೆನಾಯ್ಡುಗಳನ್ನೇ ಗಾಡಿಗೆ ತಿರುಗಿ ಹಾಕಿದ್ದೇನೆ. ಹೊಸ ಸೆಟ್ಟನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಡಬ್ಬಿಯಲ್ಲಿ ಕೂತಿದೆ. ಯಾರಿಗಾದರೂ ಬೇಕಿದ್ದರೆ ಹನ್ನೆರಡು ಸಾವಿರಕ್ಕೆ ಬಿಡುತ್ತೇನೆ.