ಅಮ್ಮನ ಜೊತೆ ಲ್ಯಾಮಿಂಗ್ಟನ್ ಕಾಡಿಗೆ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಲ್ಯಾಮಿಂಗ್ಟನ್ ನ್ಯಾಷನಲ್ ಪಾರ್ಕಿಗೆ ಸುಮಾರು 110 ಕಿಲೋಮೀಟರ್. ಮೊದಲ ಸಲ ಹತ್ತು ಗಂಟೆಗೆ ಆರಾಮಾಗಿ ತಿಂಡಿ ತಿಂದು ಹೊರಟಿದ್ದೆವು. ಅದೇ ತಪ್ಪು. ಕನಂಗ್ರಾ ಊರು ದಾಟಿದ ಮೇಲೆ 36 ಕಿಲೋಮೀಟರ್ ಬರೀ ತಿರುವು. ಕೆಲವು ಕಡೆ ಒಂದೇ ಕಾರಿಗಾಗುವಷ್ಟು ರಸ್ತೆ. ಮಗಳು ಎರಡು ಸಲ ವಾಂತಿ ಮಾಡಿದಳು. ಮೇಲೆ ಹೋದರೆ ಕಾರು ನಿಲ್ಲಿಸಲು ಜಾಗವಿಲ್ಲ. ಸುಮ್ನೆ ಕಾಫಿ ಕುಡಿದು ಬಂದೆವು.

ಎರಡನೇ ಸಲ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಆರಕ್ಕೇ ಹೊರಟೆವು, ಬುತ್ತಿಗೆ ಚಿತ್ರಾನ್ನ. ಕನಂಗ್ರಾದಲ್ಲೇ ಪೆಟ್ರೋಲ್ ಹಾಕಿಸಿದೆ. ಮುಂದೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ, ನಕ್ಷೆ ಮೊದಲೇ ಇಳಿಸಿಕೊಂಡಿದ್ದೆ.

ಅದು ಜನವರಿ. ನಮ್ಮೂರಿನ ಆಷಾಢದ ಮಳೆ ಇಲ್ಲಿ ಜನವರಿಗೆ. ಮಳೆ ಅಂದರೆ ಇಂಬಳ, ರಕ್ತ ಹೀರುವ ಕಾಡು ಜಿಗಣೆ. ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸಿನ ಒಳಗೆ ತುರುಕಿ, ಶೂ ಮೇಲೆಲ್ಲ ಸೊಳ್ಳೆ ಔಷಧಿ ಹೊಡೆದೆ. ಅಮ್ಮ ಕಾಗದದಲ್ಲಿ ಉಪ್ಪು ಕಟ್ಟಿಕೊಂಡಿದ್ದರು.

ಓ'ರೈಲಿ ಲಾಡ್ಜಿನ ಹತ್ತಿರ ಮರಗಳ ನಡುವೆ ಒಂಬತ್ತು ತೂಗುಸೇತುವೆಗಳಿವೆ, ನೆಲದಿಂದ ಹದಿನೈದು ಮೀಟರ್ ಮೇಲೆ. ಅಮ್ಮ ಹಗ್ಗ ಬಿಗಿಯಾಗಿ ಹಿಡಿದು ದಾಟಿದರು. ಅವರ ಕಣ್ಣು ಮಾತ್ರ ಗಿಡಗಳ ಮೇಲೆ. "ಇದು ಬೆತ್ತ ಅಲ್ವೇನೋ?" ಹೌದು, ಬೆತ್ತದ ಜಾತಿಯೇ. ಇಲ್ಲಿಯವರು ಲಾಯರ್ ವೈನ್, ಅಂದರೆ ವಕೀಲ ಬಳ್ಳಿ ಅನ್ನುತ್ತಾರೆ, ಮುಳ್ಳಿಗೆ ಸಿಕ್ಕಿದರೆ ಬಿಡೋದಿಲ್ಲ ಅಂತ. ಅಮ್ಮನಿಗೆ ಈ ಹೆಸರು ಬಹಳ ಹಿಡಿಸಿತು. ಊರಲ್ಲಿ ನಮ್ಮದೊಂದು ಗಡಿ ತಕರಾರಿನ ಕೇಸು ಇನ್ನೂ ನಡೆಯುತ್ತಿದೆ.

ಆಮೇಲೆ ಮೊರನ್ಸ್ ಫಾಲ್ಸ್ ದಾರಿ ಹಿಡಿದೆವು, ಹೋಗಿ ಬರಲು ನಾಲ್ಕೂವರೆ ಕಿಲೋಮೀಟರ್ ಆಸುಪಾಸು. ಹೋಗುವಾಗ ಇಳಿಜಾರು, ದಮ್ಮು ಹತ್ತುವುದು ವಾಪಸ್ ಬರುವಾಗ. ಬಿಸಿಲು ಬೀಳುವ ಒಂದು ಕಡೆ ಹೃದಯದಾಕಾರದ ದೊಡ್ಡ ಎಲೆ ಕಂಡಿತು. ಎಲೆ ಕಿತ್ತು ಮೂಸಿ ನೋಡುವುದು ಅಮ್ಮನ ಅಭ್ಯಾಸ. ಕೈ ಹಿಡಿದು ಎಳೆದೆ. ನಮ್ಮ ತುರಿಚೆಯ ಕುಲದ್ದೇ ಮರ ಅದು, ಆದರೆ ಮುಟ್ಟಿದರೆ ನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಗಾಜಿನಂಥ ಸಣ್ಣ ರೋಮ ಚರ್ಮದೊಳಗೇ ಉಳಿಯುತ್ತವೆ.

ದಾರಿ ಬಿಟ್ಟು ಇಳಿಯಬೇಡಿ ಅಂತ ಮಗಳಿಗೆ ಹೇಳಿ ಹೇಳಿ ಸಾಕಾಗಿತ್ತು. ಆಗ ಸ್ಟಿನ್ಸನ್ ವಿಮಾನದ ಕತೆ ಹೇಳಿದೆ. 1937ರಲ್ಲಿ ಆ ವಿಮಾನ ಈ ಬೆಟ್ಟಗಳಲ್ಲಿ ಬಿತ್ತು. ಎಲ್ಲರೂ ಬೇರೆ ಕಡೆ ಹುಡುಕುತ್ತಿದ್ದರು. ಆ ಲಾಡ್ಜಿನ ಮನೆತನದ ಬರ್ನಾರ್ಡ್ ಓ'ರೈಲಿ ಒಬ್ಬನೇ ಕಾಡು ಹೊಕ್ಕು, ಹತ್ತು ದಿನದ ನಂತರ ಬದುಕಿದ್ದ ಇಬ್ಬರನ್ನು ಕಂಡ. ಮಗಳು ಆಮೇಲೆ ದಾರಿಯ ನಡುವಲ್ಲೇ ನಡೆದಳು.

ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗ ನನ್ನ ಕಾಲಲ್ಲಿ ಮೂರು ಇಂಬಳ. ಅಮ್ಮನಿಗೆ ಒಂದೂ ಇಲ್ಲ. "ತಡಿ, ಉಪ್ಪು ಮಿಕ್ಕಿದೆ" ಅಂದರು.